25 ಲೀಟರ್ ನೀರಿನ ತೋಟ

ನಮ್ಮ ಕಾಸರಗೋಡಿನಲ್ಲಿ ಮಳೆ ಕಡಿಮೆ ಎಂದು ಯಾರೂ ಹೇಳಲಾರರು. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಹೆಚ್ಚು ಸುರಿಯುತ್ತದೆ. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಇವೆ. ಆದರೂ ಮಾರ್ಚ್ ಬಂತೆಂದರೆ ಬಾವಿಯ ಹಗ್ಗಕ್ಕೆ ಗಂಟು ಹಾಕಿ ಉದ್ದ ಮಾಡಬೇಕು, ಏಪ್ರಿಲ್‌ನಲ್ಲಿ ಟ್ಯಾಂಕರ್‌ನವನ ನಂಬರು ಮನೆಯವರಿಗೆಲ್ಲ ಬಾಯಿಪಾಠ. ಕಾರಣ ಗುಟ್ಟೇನಲ್ಲ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಮುಗಿಯುತ್ತದೆ. ಮುರಕಲ್ಲಿನ ನೆಲ ಜರಡಿಯ ಹಾಗೆ, ಕುಡಿದದ್ದನ್ನು ಇಟ್ಟುಕೊಳ್ಳುವುದಿಲ್ಲ. ಡಿಸೆಂಬರ್‌ನಿಂದ ಮೇ ತಿಂಗಳ ನಡುವಿನವರೆಗೆ ಒಂದು ಒಳ್ಳೆಯ ಮಳೆ ಬಂದರೆ ಅದೇ ಸುದ್ದಿ. ಬಾಯಾರು, ಎಣ್ಮಕಜೆ ಕಡೆಯ ಹಿರಿಯರು ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಸುರಂಗ ತೋಡಿ ನೀರು ತಂದದ್ದು ಇದೇ ಕಾರಣಕ್ಕೆ. ಮಳೆಯ ನಾಡಿನಲ್ಲಿ ಬರ ಎಂದರೆ ಹೊರಗಿನವರಿಗೆ ನಗು ಬರಬಹುದು, ನಮಗೆ ಬರುವುದಿಲ್ಲ.

ನೆಲದಲ್ಲಿ ಬೇರು ಬಿಟ್ಟ ಗಿಡ ಈ ಐದಾರು ತಿಂಗಳನ್ನು ಹೇಗೋ ದಾಟುತ್ತದೆ. ಬೇರು ಆಳಕ್ಕೆ ಹೋಗಿ ತಂಪು ಹುಡುಕುತ್ತದೆ. ಚಟ್ಟಿಯಲ್ಲಿರುವ ಗಿಡಕ್ಕೆ ಆ ದಾರಿ ಇಲ್ಲ. ಚಟ್ಟಿಯ ಗೋಡೆಯೇ ಅದಕ್ಕೆ ಊರಿನ ಗಡಿ. ಈಗ ನಮ್ಮ ಎಷ್ಟೋ ಮನೆಗಳ ಎದುರು ಮಣ್ಣೇ ಉಳಿದಿಲ್ಲ, ಇಂಟರ್‌ಲಾಕ್ ಹಾಸಿದೆ, ಅದರ ಮೇಲೆ ಚಟ್ಟಿಗಳು ಕುಳಿತಿವೆ. ಹಾಗಾಗಿ ಬೇಸಗೆ ತಡೆಯುವ ಚಟ್ಟಿ ತೋಟ ಹೇಗೆ ಮಾಡುವುದು ಎಂಬುದು ಹವ್ಯಾಸದವರ ಪ್ರಶ್ನೆಯಾಗಿ ಉಳಿದಿಲ್ಲ, ಮನೆಮನೆಯ ಪ್ರಶ್ನೆಯಾಗಿದೆ. ನಮ್ಮ ಮನೆಯಲ್ಲಂತೂ ಇದು ಊರಿನಲ್ಲಿ ಉಳಿಯುವುದೋ ಬಿಡುವುದೋ ಎಂಬ ಮಾತಿನ ಜೊತೆಗೇ ಬಂತು.

ನನ್ನ ಬಾಪನದು ಹೆದ್ದಾರಿ ಬದಿಯ ಜಿನಸಿನ ಅಂಗಡಿ. ಮಂಜೇಶ್ವರಕ್ಕೂ ಉಪ್ಪಳಕ್ಕೂ ನಡುವೆ, ಹೆಂಚಿನ ಮಾಡು, ಎದುರಿಗೆ ಅಂಗಡಿ, ಹಿಂದೆ ಮನೆ, ನಡುವೆ ಅಂಗಳ ಮತ್ತು ಬಾವಿ. ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗುವಾಗ ಅಂಗಡಿ, ಬಾವಿ ಮತ್ತು ಅಂಗಳದ ಹೆಚ್ಚಿನ ಪಾಲು ರಸ್ತೆಗೆ ಹೋಯಿತು. ಪರಿಹಾರ ಬಂತು, ಆ ಬಗ್ಗೆ ನಮ್ಮ ತಕರಾರು ಇಲ್ಲ. ರಸ್ತೆ ಬೇಕಿತ್ತು ಎಂಬುದೂ ಗೊತ್ತು. ಮಂಗಳೂರಿನ ಆಸ್ಪತ್ರೆಗೆ ರಾತ್ರಿ ಹೊತ್ತು ಹೋಗಿ ಬಂದವರಿಗೆ ಆ ಮಾತು ಬಿಡಿಸಿ ಹೇಳಬೇಕಿಲ್ಲ. ಆದರೆ ಪರಿಹಾರದ ಲೆಕ್ಕದಲ್ಲಿ ಬಾವಿಗೆ ಒಂದು ಬೆಲೆ ಇತ್ತು, ತೆಂಗಿನ ಮರಕ್ಕೆ ಒಂದು ಬೆಲೆ ಇತ್ತು, ಬಾಪ ದಿನಕ್ಕೆ ಹದಿನಾಲ್ಕು ಗಂಟೆ ಕುಳಿತುಕೊಳ್ಳುತ್ತಿದ್ದ ಮರದ ಗಲ್ಲಾಪೆಟ್ಟಿಗೆಗೆ ಇರಲಿಲ್ಲ. ಮನೆಯ ಮುಂಭಾಗವನ್ನು ಹೊಸದಾಗಿ ಕಟ್ಟಿಸಿದ ಮೇಲೆ ಉಳಿದದ್ದು ಸಿಟೌಟ್‌ನ ಎದುರು ಹದಿನಾಲ್ಕು ಅಡಿ ಉದ್ದ, ಹತ್ತು ಅಡಿ ಅಗಲದ ಇಂಟರ್‌ಲಾಕ್ ಜಾಗ. ಪಶ್ಚಿಮಕ್ಕೆ ಮುಖ.

ಹಳೆಯ ಅಂಗಳದಲ್ಲಿ ಉಮ್ಮನ ಮೈಲಾಂಜಿ ಗಿಡ ಇತ್ತು. ಕನ್ನಡದಲ್ಲಿ ಮದರಂಗಿ ಎನ್ನುತ್ತಾರಲ್ಲ, ಅದೇ. ಗಿಡ ಎಂದರೆ ಗಿಡವಲ್ಲ, ಬಾವಿಕಟ್ಟೆಯಷ್ಟು ಅಗಲ ಹಬ್ಬಿದ ಪೊದೆ. ಸುತ್ತಲಿನ ಯಾವ ಮನೆಯಲ್ಲಿ ಮದುವೆಯಾದರೂ, ಎರಡು ಪೆರ್ನಾಲಿಗೂ, ಹೆಣ್ಣುಮಕ್ಕಳು ಪ್ಲಾಸ್ಟಿಕ್ ತೊಟ್ಟೆ ಹಿಡಿದುಕೊಂಡು ಬರುತ್ತಿದ್ದರು. ಉಮ್ಮ ಯಾರಿಗೂ ಇಲ್ಲ ಎಂದದ್ದಿಲ್ಲ. ಬಂದವರು ಎಲೆ ಕೊಯ್ಯುತ್ತಾ ಅರ್ಧ ಗಂಟೆ ಮಾತಾಡುತ್ತಿದ್ದರು. ಯಾರಿಗೆ ಹೆರಿಗೆಯಾಯಿತು, ಯಾರ ಮಗ ಗಲ್ಫಿನಿಂದ ಬಂದ, ಯಾರ ಮನೆಯಲ್ಲಿ ಜ್ವರ ಎಂಬ ಸುದ್ದಿಯೆಲ್ಲ ಆ ಪೊದೆಯ ಬುಡದಲ್ಲಿ ವಿನಿಮಯವಾಗುತ್ತಿತ್ತು. ಜೆಸಿಬಿ ಬರುವ ಹಿಂದಿನ ವಾರ ಉಮ್ಮ ಪೆನ್ಸಿಲ್ ದಪ್ಪದ ಹತ್ತು ಕಡ್ಡಿಗಳನ್ನು ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟರು. ಅದರಲ್ಲಿ ನಾಲ್ಕು ಚಿಗುರಿದವು.

ಆ ಹೊತ್ತಿಗೆ ಗಲ್ಫಿನಲ್ಲಿರುವ ತಮ್ಮ ಮಂಗಳೂರಿನಲ್ಲಿ ಒಂದು ಫ್ಲ್ಯಾಟ್ ನೋಡಿದ್ದ. ನಾಲ್ಕನೇ ಮಾಳಿಗೆ, ಲಿಫ್ಟ್ ಇದೆ, ಪಳ್ಳಿ ಹತ್ತಿರ, ಇಪ್ಪತ್ತನಾಲ್ಕು ಗಂಟೆ ನೀರು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅಂಗಡಿ ಇಲ್ಲದ ಮೇಲೆ ಇಲ್ಲಿ ಏನಿದೆ ಎಂದು ಕೇಳಿದ. ಬಾಪ ಉತ್ತರ ಕೊಡಲಿಲ್ಲ. ಸಿಟೌಟ್‌ನ ಕುರ್ಚಿಯಲ್ಲಿ ಕುಳಿತು ಲಾರಿಗಳನ್ನು ನೋಡುತ್ತಿದ್ದರು. ಉಮ್ಮ ಮಾತ್ರ ಒಂದು ಪ್ರಶ್ನೆ ಕೇಳಿದರು, "ಈ ನಾಲ್ಕು ಗಿಡ ಒಂದು ಬೇಸಗೆ ಕಳೆಯುತ್ತದೋ ನೋಡುವ. ಆಮೇಲೆ ಹೇಳುತ್ತೇನೆ." ಆ ಮಾತಿನ ಜವಾಬ್ದಾರಿ ನನ್ನ ತಲೆಗೆ ಬಂತು.

ನಾನು ಕೃಷಿ ಓದಿದವನಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಆರು ವರ್ಷ ಶಾರ್ಜಾದಲ್ಲಿ ಎಸಿ ಮೇಂಟೆನೆನ್ಸ್ ಕೆಲಸ ಮಾಡಿದವನು, ಈಗ ಬೈಕಂಪಾಡಿಗೆ ದಿನಾ ಹೋಗಿ ಬರುವವನು. ನನಗೆ ಗೊತ್ತಿರುವುದು ಎರಡೇ: ಬಿಸಿ ಎಲ್ಲಿಂದ ಬರುತ್ತದೆ, ನೀರು ಎಲ್ಲಿಗೆ ಹೋಗುತ್ತದೆ. ನೋಡಿದರೆ ಚಟ್ಟಿ ತೋಟಕ್ಕೆ ಹೆಚ್ಚುಕಡಿಮೆ ಅಷ್ಟೇ ಸಾಕು.

ಮೊದಲು ಆದಾಯ ನೋಡಬೇಕು, ಆಮೇಲೆ ಖರ್ಚು. ಅಂಗಡಿಯವನ ಮಗನಿಗೆ ಇದನ್ನು ಬೇರೆ ಕಲಿಸಬೇಕಿಲ್ಲ. ಉಮ್ಮನ ಷರತ್ತು ಏನೆಂದರೆ ಕುಡಿಯುವ ನೀರಿನ ಒಂದು ಹನಿಯೂ ಗಿಡಕ್ಕೆ ಹೋಗಬಾರದು. ಮಾರ್ಚ್ ನಂತರ ನಮಗೆ ಪೈಪಿನ ನೀರು ದಿನ ಬಿಟ್ಟು ದಿನ ಬರುತ್ತದೆ. ಹಾಗಾದರೆ ಒಮ್ಮೆ ಬಳಸಿದ ನೀರು ಎಷ್ಟಿದೆ? ಒಂದು ವಾರ ಬಕೆಟ್ ಇಟ್ಟು ಅಳೆದೆ. ಬಾಪ, ಉಮ್ಮನ ಕೋಣೆಯ ಎಸಿ ರಾತ್ರಿಯಿಡೀ ಓಡಿದರೆ ಹಿಂಬದಿಯ ಪೈಪಿನಿಂದ ಸುಮಾರು 8 ಲೀಟರ್ ನೀರು ಬೀಳುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಎಸಿ ಅದನ್ನು ಹಿಂಡಿ ಹೊರಗೆ ಹಾಕುತ್ತದೆ. ಅದರಲ್ಲಿ ಉಪ್ಪಿನ ಅಂಶ ಇಲ್ಲವೇ ಇಲ್ಲ ಎನ್ನಬಹುದು, ಕುಡಿಯಲು ಬೇಡ, ಗಿಡಕ್ಕೆ ಬಹಳ ಒಳ್ಳೆಯದು. ಐದು ಹೊತ್ತಿನ ವುಝೂ ನೀರು ಹರಿದು ಹೋಗದಂತೆ ಅಗಲದ ಬೋಸಿ ಇಟ್ಟರೆ ಮನೆಯವರೆಲ್ಲರದ್ದು ಸೇರಿ 12 ಲೀಟರ್. ಸಾಬೂನು ಇಲ್ಲದ ನೀರು, ಇದಕ್ಕಿಂತ ಶುದ್ಧ ಯಾವುದು? ಹರಿಯುವ ಹೊಳೆಯ ಬದಿಯಲ್ಲಿದ್ದರೂ ನೀರು ಪೋಲು ಮಾಡಬೇಡಿ ಎಂಬ ಪಾಠವನ್ನು ಮದ್ರಸದಲ್ಲಿ ಕೇಳದವರು ನಮ್ಮಲ್ಲಿ ಯಾರಿದ್ದಾರೆ. ಅಕ್ಕಿ ತೊಳೆದದ್ದು, ತರಕಾರಿ ಮತ್ತು ಮೀನು ತೊಳೆದದ್ದು 5 ಲೀಟರ್. ಒಟ್ಟು 25. ವಾಷಿಂಗ್ ಮೆಷಿನ್ನಿನ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಾಬೂನು ಹುಡಿಯ ಸೋಡಿಯಂ ಚಟ್ಟಿಯ ಮಣ್ಣಿನಲ್ಲಿ ಕೂತುಬಿಡುತ್ತದೆ.

ಹಾಗೆ ನಿಗದಿಯಾಯಿತು: ತೋಟ ಎಷ್ಟೇ ದೊಡ್ಡದಿರಲಿ, ದಿನಕ್ಕೆ 25 ಲೀಟರ್‌ನಲ್ಲಿ ಬದುಕಬೇಕು. ನೀವು ಶುರು ಮಾಡುವುದಿದ್ದರೂ ಮೊದಲು ನರ್ಸರಿಗೆ ಹೋಗಬೇಡಿ, ಮೊದಲು ಬಕೆಟ್ ಇಡಿ.

ಎರಡನೆಯದು ಚಟ್ಟಿಯ ಗಾತ್ರ. ಚಂದಕ್ಕೆಂದು ಸಣ್ಣ ಸಣ್ಣ ಚಟ್ಟಿಗಳನ್ನು ಸಾಲಾಗಿ ಇಡುವುದು ನಮ್ಮಲ್ಲಿ ರೂಢಿ. ಬೇಸಗೆಗೆ ಅದು ಆಗುವುದಿಲ್ಲ. 20 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಚಟ್ಟಿಯಲ್ಲಿ 6 ಲೀಟರ್ ಚಿಲ್ಲರೆ ಮಣ್ಣು ಹಿಡಿಯುತ್ತದೆ. 40 ಸೆಂಟಿಮೀಟರ್‌ನದರಲ್ಲಿ 50 ಲೀಟರ್. ಅಳತೆ ಎರಡು ಪಟ್ಟಾದರೆ ಒಳಗಿನ ಮಣ್ಣು ಎಂಟು ಪಟ್ಟು, ಬಿಸಿಲು ಬಡಿಯುವ ಮೈ ನಾಲ್ಕು ಪಟ್ಟು ಮಾತ್ರ. ಅಂದರೆ ದೊಡ್ಡ ಚಟ್ಟಿಯ ಪ್ರತಿ ಲೀಟರ್ ಮಣ್ಣು ಅರ್ಧದಷ್ಟೇ ಬಿಸಿಲು ತಿನ್ನುತ್ತದೆ. ಹೀಗಾಗಿ ಹದಿನೈದು ಸಣ್ಣ ಚಟ್ಟಿಗಳ ಬದಲು ಆರು ದೊಡ್ಡ ಡ್ರಮ್ ಮತ್ತು ಎಂಟು ಮಧ್ಯಮ ಚಟ್ಟಿ ಎಂದು ತೀರ್ಮಾನಿಸಿದೆವು. ಕಪ್ಪು, ನೀಲಿ ಡ್ರಮ್ಮುಗಳಿಗೆ ಸುಣ್ಣದ ಬಿಳಿ ಬಳಿದೆವು. ಮಧ್ಯಾಹ್ನ ಎರಡು ಗಂಟೆಗೆ ಬಳಿದದ್ದನ್ನೂ ಬಳಿಯದ್ದನ್ನೂ ಮುಟ್ಟಿ ನೋಡಿದರೆ ಅಂಗೈಗೇ ಗೊತ್ತಾಗುತ್ತದೆ. ಮಣ್ಣಿನ ಚಟ್ಟಿ ನೋಡಲು ಚಂದ, ಆದರೆ ಅದರ ಗೋಡೆ ಬೆವರುತ್ತದೆ. ಕುಡಿಯುವ ನೀರಿನ ಕೂಜೆಯಲ್ಲಿ ತಂಪು ಕೊಡುವ ಗುಣವೇ ಗಿಡದ ಚಟ್ಟಿಯಲ್ಲಿ ನಷ್ಟ. ಇದ್ದ ಮಣ್ಣಿನ ಚಟ್ಟಿಗಳನ್ನು ದೊಡ್ಡ ಹಳೆ ಬಕೆಟ್ಟುಗಳ ಒಳಗಿಟ್ಟು ನಡುವಿನ ಸಂದಿಗೆ ನಾರಿನ ಹುಡಿ ತುಂಬಿಸಿದೆವು.

ಮೂರನೆಯದು ಮಣ್ಣು. ಅಂಗಳದ ಕೆಂಪು ಮಣ್ಣೊಂದೇ ಹಾಕಿದರೆ ಏಪ್ರಿಲ್‌ನಲ್ಲಿ ಇಟ್ಟಿಗೆಯಾಗುತ್ತದೆ. ನಮ್ಮ ತೆಂಗಿನ ನಾಡಿನಲ್ಲಿ ಅದಕ್ಕೆ ಮದ್ದು ಕಾಲ ಬುಡದಲ್ಲೇ ಇದೆ. ನಾರು ತೆಗೆದ ಮೇಲೆ ಉಳಿಯುವ ಹುಡಿ ತನ್ನ ತೂಕದ ಏಳೆಂಟು ಪಟ್ಟು ನೀರು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಹಸಿ ಹುಡಿಯಲ್ಲಿ ಉಪ್ಪು ಮತ್ತು ಚೊಗರು ಇರುತ್ತದೆ, ಗೋಣಿಯಲ್ಲಿ ಕಟ್ಟಿ ಮಳೆಗಾಲದ ಮಾಡಿನ ನೀರಿಗೆ ಕೆಲವು ದಿನ ಇಟ್ಟರೆ ತೊಳೆದು ಹೋಗುತ್ತದೆ. ಎರಡು ಪಾಲು ನಾರಿನ ಹುಡಿ, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಒಣ ಸೆಗಣಿ ಗೊಬ್ಬರ, ಒಂದು ಹಿಡಿ ಉಮಿಕರಿ, ಇಷ್ಟು ನಮ್ಮ ಮಿಶ್ರಣ. ಲೋಳೆಸರದಂಥ ಗಿಡಗಳಿಗೆ ಹುಡಿ ಅರ್ಧ ಮಾಡಿ ಅದರ ಬದಲು ದಪ್ಪ ಮರಳು. ಮೇಲಿಂದ ಎರಡು ಇಂಚು ತೆಂಗಿನ ಸಿಪ್ಪೆಯ ತುಂಡುಗಳ ಹೊದಿಕೆ. ಹೊದಿಕೆ ಹಾಕದ ಚಟ್ಟಿ ಮುಚ್ಚಳವಿಲ್ಲದ ಪಾತ್ರೆಯಿದ್ದಂತೆ. ಮಾಳಿಗೆಯ ಮೇಲೆ ಇಡುವವರಿಗೆ ಇನ್ನೊಂದು ಮಾತು. ಒದ್ದೆ ಮಣ್ಣಿನ ಭಾರ ಸಣ್ಣದಲ್ಲ, ನಾರಿನ ಹುಡಿ ಹೆಚ್ಚಿದ್ದರೆ ಭಾರ ಬಹಳ ಇಳಿಯುತ್ತದೆ. ಡ್ರಮ್ಮುಗಳನ್ನು ಸ್ಲ್ಯಾಬಿನ ನಡುವೆ ಇಡದೆ ಗೋಡೆ, ತೊಲೆಗಳ ಮೇಲೆ ಬರುವಂತೆ ಇಡಿ. ಸಜ್ಜಾದ ಮೇಲೆ ಬೇಡವೇ ಬೇಡ.

ನಾಲ್ಕನೆಯದು ನೀರು ಕೊಡುವ ಕ್ರಮ. ಮೇಲಿಂದ ಸುರಿದರೆ ಅರ್ಧ ಗಾಳಿಗೆ ಹೋಗುತ್ತದೆ. ನಮ್ಮಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಬೀಸುತ್ತದೆ, ಮನುಷ್ಯನಿಗೆ ಹಿತ, ಎಲೆಗೆ ಅಲ್ಲ. ದೊಡ್ಡ ಡ್ರಮ್ಮುಗಳಲ್ಲಿ ಗಿಡದ ಬದಿಗೆ ಒಂದೊಂದು ಮಣ್ಣಿನ ಕುಡಿಕೆಯನ್ನು ಕತ್ತಿನವರೆಗೆ ಹೂತಿದ್ದೇವೆ. ಬಣ್ಣ, ಮೆರುಗು ಇಲ್ಲದ ಕುಡಿಕೆ ಬೇಕು. ತರುವ ಮೊದಲು ನೀರು ತುಂಬಿಸಿ ನೋಡಿ, ಹೊರಮೈ ಅರ್ಧ ಗಂಟೆಯಲ್ಲಿ ತೇವವಾದರೆ ಅದು ಕೆಲಸಕ್ಕೆ ಬರುತ್ತದೆ. ಮಣ್ಣು ಒಣಗಿದಷ್ಟು ನೀರನ್ನು ಕುಡಿಕೆಯೇ ಬಿಡುತ್ತದೆ, ಮಣ್ಣು ಒದ್ದೆಯಿದ್ದರೆ ಸುಮ್ಮನಿರುತ್ತದೆ. ಇದಕ್ಕೆ ವಿದ್ಯುತ್ ಬೇಡ, ಟೈಮರ್ ಬೇಡ, ನನ್ನಂಥ ಮೇಂಟೆನೆನ್ಸ್‌ನವನೂ ಬೇಡ. ಮಧ್ಯಮ ಚಟ್ಟಿಗಳಿಗೆ ಅಂಗಡಿಯಲ್ಲಿ ಉಳಿದಿದ್ದ 5 ಲೀಟರಿನ ಎಣ್ಣೆ ಕ್ಯಾನುಗಳು ಬಂದವು. ಕ್ಯಾನನ್ನು ಅಡ್ಡಕ್ಕೆ ಕೊಯ್ದು ಕೆಳಗೆ ನೀರು, ಮೇಲೆ ಚಟ್ಟಿ, ನಡುವೆ ನೈಲಾನ್ ಹಗ್ಗದ ಬತ್ತಿ. ಸೀಮೆಎಣ್ಣೆ ದೀಪದಲ್ಲಿ ಎಣ್ಣೆ ಏರುವ ಹಾಗೆ ಇಲ್ಲಿ ನೀರು ಏರುತ್ತದೆ. ಹತ್ತಿಯ ಬತ್ತಿ ಬೇಗ ಕೊಳೆಯುತ್ತದೆ. ನೀರು ನಿಂತಲ್ಲಿ ಸೊಳ್ಳೆ ಒಂದು ವಾರ, ಹತ್ತು ದಿನದಲ್ಲಿ ರೆಕ್ಕೆ ಕಟ್ಟಿಕೊಂಡು ಹಾರುತ್ತದೆ, ಡೆಂಗಿ ನಮ್ಮ ಜಿಲ್ಲೆಗೆ ಹೊಸತಲ್ಲ. ಕುಡಿಕೆಯ ಬಾಯಿಗೆ ಚಿಪ್ಪು, ಕ್ಯಾನಿನ ಸಂದಿಗೆ ಬಲೆ. ವಾರಕ್ಕೊಮ್ಮೆ ಡ್ರೈ ಡೇ ಮಾಡಿ ಎಂದು ಆರೋಗ್ಯ ಕಾರ್ಯಕರ್ತೆಯರು ಹೇಳುವುದು ಚಟ್ಟಿ ಇರುವ ಮನೆಗೆ ಎರಡು ಪಟ್ಟು ಅನ್ವಯ.

ಗಿಡ ಆರಿಸುವಾಗ ನರ್ಸರಿಯಲ್ಲಿ ಒಂದು ತಮಾಷೆ. ಬೋರ್ಡು ಮಲಯಾಳದಲ್ಲಿ, ಉಮ್ಮ ಕೇಳುವುದು ಬ್ಯಾರಿಯಲ್ಲಿ, ಕೆಲಸದ ಹೆಂಗಸು ಉತ್ತರ ಕೊಡುವುದು ತುಳುವಿನಲ್ಲಿ, ನಾನು ಶಾಲೆಯಲ್ಲಿ ಕಲಿತದ್ದು ಕನ್ನಡದಲ್ಲಿ. ಪನಿಕೂರ್ಕ ಎಂದರೂ ಸಾಂಬ್ರಾಣಿ ಎಂದರೂ ದೊಡ್ಡಪತ್ರೆ ಎಂದರೂ ಕೈಗೆ ಬಂದದ್ದು ಒಂದೇ ಗಿಡ. ಗಡಿಯಲ್ಲಿ ಬದುಕಿದ ಗಿಡಕ್ಕೆ ಹೆಸರು ಜಾಸ್ತಿ.

ನಾವು ನೋಡಿದ್ದು ಎಲೆಯನ್ನು. ದಪ್ಪ, ರಸವಿರುವ, ಮೇಣ ಬಳಿದಂಥ ಅಥವಾ ಸಣ್ಣ ಎಲೆಯ ಗಿಡ ಬರ ತಡೆಯುತ್ತದೆ. ಅಗಲವಾದ ತೆಳು ಎಲೆ ನೀರು ಕೇಳುತ್ತದೆ. ಲೋಳೆಸರ ಮತ್ತು ಅನಾನಸ್ ಹಗಲು ಎಲೆಯ ರಂಧ್ರಗಳನ್ನು ಮುಚ್ಚಿ ರಾತ್ರಿ ತೆರೆಯುವ ಜಾತಿ. ರಮಳಾನ್ ತಿಂಗಳಿನಲ್ಲಿ ಹಗಲು ಬಾಗಿಲು ಹಾಕಿ ಮಗ್ರಿಬ್ ಆದ ಮೇಲೆ ತೆರೆಯುವ ಹೋಟೆಲಿನ ಹಾಗೆ. ಹಗಲಿನ ಬಿಸಿಲಿಗೆ ಅವುಗಳಿಂದ ಏನೂ ಸಿಗುವುದಿಲ್ಲ. ಹತ್ತು ಗಂಟೆ ಹೂವು ಬಿಸಿಲು ಹೆಚ್ಚಿದಷ್ಟೂ ಅರಳುತ್ತದೆ. ದೊಡ್ಡಪತ್ರೆ ಮಕ್ಕಳ ಕೆಮ್ಮಿಗೆ ಬೇಕು. ಗಾಂಧಾರಿ ಮೆಣಸು, ಕರಿಬೇವು, ಒಂದು ಡ್ರಮ್ಮಿನಲ್ಲಿ ನುಗ್ಗೆ, ಅದನ್ನು ಎದೆಯೆತ್ತರಕ್ಕೆ ಕಡಿಯುತ್ತಾ ಸೊಪ್ಪಿಗೆ ಮಾತ್ರ ಇಟ್ಟುಕೊಂಡಿದ್ದೇವೆ. ಗೋಡೆಗೆ ಕಾಗದದ ಹೂ, ಅಂದರೆ ಬೋಗನ್‌ವಿಲ್ಲಾ. ಎರಡು ಚಟ್ಟಿ ಮಲ್ಲಿಗೆ. ಉಳಿದ ನಾಲ್ಕು ಡ್ರಮ್ಮು ಮೈಲಾಂಜಿಗೆ. ಮೈಲಾಂಜಿ ಮೂಲತಃ ಒಣ ನಾಡಿನ ಗಿಡ, ಬೇರಿಗೆ ಜಾಗ ಸಿಕ್ಕಿದರೆ ಬಿಸಿಲಿಗೆ ಹೆದರುವುದಿಲ್ಲ. ಇದಿಷ್ಟಕ್ಕೆ ಹೊರತಾಗಿ ಒಂದೇ ಒಂದು ನೀರುಬಾಕ ಗಿಡ ಉಮ್ಮನ ಹಠಕ್ಕೆ ಬಂತು, ಬಸಳೆ. ಬಸಳೆ ಇಲ್ಲದ ಮನೆ ಮನೆಯಲ್ಲ ಎಂದರು. ಸರಿ, ಅಡುಗೆಮನೆಯ ಬಾಗಿಲ ಹತ್ತಿರ ಮೀನು ತೊಳೆದ ನೀರಿನ ಪಾಲು ಪೂರ್ತಿ ಅದಕ್ಕೆ.

ಇಲ್ಲಿಯ ತನಕ ಬಾಪ ಇದರಲ್ಲಿ ಇಲ್ಲ. ಚಟ್ಟಿ ಎತ್ತಿಡುವಾಗ ಕಾಲು ಹಿಂದೆ ಎಳೆದುಕೊಂಡು ದಾರಿ ಕೊಡುತ್ತಿದ್ದರು, ಅಷ್ಟೆ. ಜನವರಿಯ ಒಂದು ಸಂಜೆ, ಯಾವ ಚಟ್ಟಿಗೆ ನೀರು ಬೇಕು ಎಂದು ಬೆರಳು ಚುಚ್ಚಿ ನೋಡುತ್ತಿದ್ದ ನನಗೆ, "ಬೆರಳಿನಲ್ಲಿ ವ್ಯಾಪಾರ ಮಾಡುತ್ತಾರಾ?" ಎಂದರು. ಒಳಗೆ ಹೋಗಿ, ಅಂಗಡಿ ಖಾಲಿ ಮಾಡಿದ ದಿನ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತಕ್ಕಡಿ ತಂದರು. 30 ಕಿಲೋ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ. ಮೆಣಸಿನ ಚಟ್ಟಿ ಇಟ್ಟರು. ನೀರು ಕುಡಿದು ತುಂಬಿದಾಗ 9 ಕಿಲೋ 200 ಗ್ರಾಂ. ಮರುದಿನ ಅದೇ ಹೊತ್ತಿಗೆ 8 ಕಿಲೋ 600. ಅಂದರೆ ಗಿಡದ ದಿನದ ಖರ್ಚು 600 ಮಿಲಿಲೀಟರ್. ಲೋಳೆಸರ ವಾರವಿಡೀ ಇಟ್ಟರೂ 300 ಗ್ರಾಂ ಇಳಿಯಲಿಲ್ಲ.

ಅವತ್ತಿನಿಂದ ತೋಟ ಬಾಪನ ವಶವಾಯಿತು. ಅಂಗಡಿಯ ಸಾಲದ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಇತ್ತು. ಅದರಲ್ಲಿ ಒಂದೊಂದು ಗಿಡಕ್ಕೆ ಒಂದೊಂದು ಪುಟ. ಎಡಕ್ಕೆ ತೂಕ, ಬಲಕ್ಕೆ ಕೊಟ್ಟ ನೀರು. ನೀರು ಅಳೆಯಲು ಹಳೆಯ ಎಣ್ಣೆಯ ಅಳತೆ ಪಾವು. ದೊಡ್ಡ ಡ್ರಮ್ಮುಗಳನ್ನು ತೂಗಲಾಗುವುದಿಲ್ಲ, ಅವಕ್ಕೆ ಒಂದು ಗೇಣುದ್ದದ ಬಿದಿರು ಕಡ್ಡಿ ಇಳಿಸಿ ಎಷ್ಟು ಉದ್ದ ಒದ್ದೆಯಾಗಿದೆ ಎಂದು ನೋಡುತ್ತಾರೆ. ಸುಬ್‌ಹಿ ಆದ ಮೇಲೆ ಒಂದು ಸುತ್ತು, ಅಸರ್ ಆಗಿ ಬಿಸಿಲು ಇಳಿದ ಮೇಲೆ ಒಂದು ಸುತ್ತು. ಅಂಗಡಿ ತೆರೆಯುವ, ಮುಚ್ಚುವ ಹೊತ್ತೂ ಹೆಚ್ಚುಕಡಿಮೆ ಅದೇ ಇತ್ತು. ಗಿಡಗಳ ಬಗ್ಗೆ ಮಾತಾಡುವುದೂ ಗಿರಾಕಿಗಳ ಬಗ್ಗೆ ಮಾತಾಡಿದಂತೆ. "ಲೋಳೆಸರ ಮರ್ಯಾದಸ್ಥ, ಕೇಳುವುದೇ ಇಲ್ಲ. ಮೆಣಸು ದಿನಗೂಲಿಯವನು, ಅಂದಂದಿನದು ಅಂದಂದಿಗೆ. ಈ ಬಸಳೆ ಇದೆಯಲ್ಲ, ಸಾಲ ತೀರಿಸುವ ಅಂದಾಜೇ ಇಲ್ಲ." ಎಷ್ಟೋ ತಿಂಗಳ ಮೇಲೆ ಉಮ್ಮ ನಕ್ಕದ್ದನ್ನು ನಾನು ಆವತ್ತು ಕೇಳಿದೆ.

ಏಪ್ರಿಲ್‌ನಲ್ಲಿ ಪರೀಕ್ಷೆ ಬಂತು. ಪೈಪಿನ ನೀರು ಒಂಬತ್ತು ದಿನ ಬರಲಿಲ್ಲ. ಟ್ಯಾಂಕರ್ ಮೂರು ದಿನಕ್ಕೊಮ್ಮೆ. ರಾತ್ರಿ ಕರೆಂಟು ಹೋಗಿ ಬಂದು ಮಾಡುತ್ತಿದ್ದುದರಿಂದ ಎಸಿಯ ನೀರೂ ಅರ್ಧ. ವುಝೂಗೆ ಬಾಪ ನಲ್ಲಿ ಬಿಟ್ಟು ಹಳೆಯ ಕಿಂಡಿ ಹಿಡಿದರು, ಅಲ್ಲಿಯೂ ನೀರು ಕಡಿಮೆ. ದಿನದ ಆದಾಯ 25ರಿಂದ 11 ಲೀಟರಿಗೆ ಇಳಿಯಿತು. ಪುಸ್ತಕ ತೆರೆದು ಬಾಪ ರೇಷನ್ ಮಾಡಿದರು. ಲೋಳೆಸರ, ಅನಾನಸ್, ಹತ್ತು ಗಂಟೆ ಹೂವಿಗೆ ಏನೂ ಇಲ್ಲ. ಕಾಗದದ ಹೂವಿಗೆ ನಾಲ್ಕು ದಿನಕ್ಕೊಮ್ಮೆ. ಮಲ್ಲಿಗೆಗೆ ಅರ್ಧ. ನುಗ್ಗೆಯನ್ನು ಮೊಣಕಾಲೆತ್ತರಕ್ಕೆ ಕಡಿದರು, ಎಲೆ ಇಲ್ಲದಿದ್ದರೆ ಖರ್ಚೂ ಇಲ್ಲ. ಎಲ್ಲ ಮಧ್ಯಮ ಚಟ್ಟಿಗಳನ್ನು ಗೋಡೆಯ ಮೂಲೆಗೆ ಒತ್ತೊತ್ತಾಗಿ ಸೇರಿಸಿ ಮೇಲೆ ಹಸಿರು ನೆರಳು ಬಲೆ ಕಟ್ಟಿದೆವು. ಹೆದ್ದಾರಿಯ ಧೂಳು ಕೂತ ಎಲೆಗಳನ್ನು ಉಮ್ಮ ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಒರಸಿದರು. ಬಸಳೆಯನ್ನು ಬುಡದವರೆಗೆ ಕೊಯ್ದು ಮೀನಿನ ಜೊತೆ ಸಾರು ಮಾಡಿದ್ದೂ ಅವರೇ. ಮೈಲಾಂಜಿಯ ನಾಲ್ಕು ಡ್ರಮ್ಮಿಗೆ ಮಾತ್ರ ಒಂದು ಪಾವೂ ಕಡಿಮೆ ಮಾಡಲಿಲ್ಲ.

ಆ ಒಂಬತ್ತು ದಿನದ ಏಳನೆಯ ದಿನ ಹಿಂದಿನ ಓಣಿಯ ಒಂದು ಮನೆಯ ಹುಡುಗಿ ತೊಟ್ಟೆ ಹಿಡಿದು ಬಂದಳು. ಅಕ್ಕನ ಮದುವೆ. ಅಂಗಡಿಯಲ್ಲಿ ಕೋನ್ ಸಿಗುತ್ತದೆ, ಅವಳಿಗೂ ಗೊತ್ತು. ಆದರೆ ಅವಳ ಉಮ್ಮನ ಮದುವೆಗೂ ಇಲ್ಲಿನದೇ ಎಲೆ ಅರೆದದ್ದಂತೆ. ನಾನು ಲೆಕ್ಕ ಹೇಳಿದೆ, ಎರಡು ಡ್ರಮ್ಮಿನ ಎಲೆ ತೆಗೆದರೆ ಗಿಡದ ನೀರಿನ ಖರ್ಚು ಇಳಿಯುತ್ತದೆ, ಆದರೆ ಈ ಬಿಸಿಲಿನಲ್ಲಿ ಹೊಸ ಚಿಗುರು ಎಳೆಯಲು ಬುಡದಲ್ಲಿ ಶಕ್ತಿ ಇದೆಯೋ ಇಲ್ಲವೋ ಹೇಳಲಾಗದು. ಉಮ್ಮ ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ಕತ್ತರಿ ತಂದು ಎರಡು ಡ್ರಮ್ಮಿನ ಗಿಡಗಳನ್ನು ಬೋಳಿಸಿ ತೊಟ್ಟೆ ತುಂಬಿಸಿ ಕೊಟ್ಟರು. "ಕೊಡಲಿಕ್ಕೆ ಆಗದಿದ್ದರೆ ಇಟ್ಟುಕೊಂಡು ಏನು ಮಾಡುವುದು?" ಎಂದಷ್ಟೇ ಹೇಳಿದರು. ಹುಡುಗಿ ಅರ್ಧ ಗಂಟೆ ಕುಳಿತು ಹೋದಳು. ರಾತ್ರಿ ಅವಳ ಬಾಪ ಬೈಕಿನಲ್ಲಿ ಎರಡು ಕೊಡ ಬಾವಿ ನೀರು ತಂದಿಟ್ಟು ಹೋದರು. ನಾವು ಕೇಳಿರಲಿಲ್ಲ.

ಬೋಳಿಸಿದ ಎರಡರಲ್ಲಿ ಒಂದು ಹನ್ನೆರಡು ದಿನದಲ್ಲಿ ಚಿಗುರಿತು. ಇನ್ನೊಂದು ಚಿಗುರಲಿಲ್ಲ. ಬಾಪ ಅದರ ಪುಟದ ಕೆಳಗೆ ಅಡ್ಡಗೆರೆ ಎಳೆದು, "ಮದುವೆಗೆ ಕೊಟ್ಟದ್ದು" ಎಂದು ಬರೆದರು.

ಇನ್ನೊಂದು ವಿಷಯ ಹೇಳದಿದ್ದರೆ ಈ ಲೇಖನ ಅರ್ಧವಾಗುತ್ತದೆ. ನಮ್ಮ ಊರಿನಲ್ಲಿ ಬರ ತಡೆಯುವ ಗಿಡಕ್ಕೆ ಏಪ್ರಿಲ್‌ಗಿಂತ ದೊಡ್ಡ ಶತ್ರು ಜೂನ್. ಐದು ತಿಂಗಳು ನೀರಿಲ್ಲದೆ ಬದುಕಿದ ಲೋಳೆಸರ ಮೂರು ದಿನದ ಜಡಿಮಳೆಗೆ ಕೊಳೆತು ಹೋಗುತ್ತದೆ. ಮರುಭೂಮಿ ದೇಶದವರು ಬರೆದ ತೋಟದ ಸಲಹೆಗಳಲ್ಲಿ ಈ ಮಾತು ಇರುವುದಿಲ್ಲ. ಅದಕ್ಕಾಗಿ ಪ್ರತಿ ಚಟ್ಟಿಗೂ ಎರಡು ತೂತು ಇಟ್ಟಿದ್ದೇವೆ. ಬೇಸಗೆಯಲ್ಲಿ ಬುಡದ ತೂತಿಗೆ ರಬ್ಬರ್ ಬಿರಡೆ ಹಾಕಿ ಎರಡು ಇಂಚು ಮೇಲಿನ ತೂತನ್ನು ತೆರೆದಿಡುವುದು, ಕೆಳಗೆ ಸ್ವಲ್ಪ ನೀರು ಉಳಿಯುತ್ತದೆ. ಮೊದಲ ಗುಡುಗಿಗೆ ಬಿರಡೆ ತೆಗೆಯುವುದು. ರಸವಿರುವ ಗಿಡಗಳೆಲ್ಲ ಸಿಟೌಟ್ ಮಾಡಿನ ಕೆಳಗೆ. ಉಳಿದವು ಮೊದಲ ಒಂದು ವಾರ ಚೆನ್ನಾಗಿ ನೆನೆಯಲಿ. ಬೇಸಗೆಯಿಡೀ ಟ್ಯಾಂಕರ್ ನೀರಿನಿಂದ ಚಟ್ಟಿಯ ಅಂಚಿಗೆ ಕಟ್ಟಿದ ಬಿಳಿ ಉಪ್ಪು ಅದರಲ್ಲಿ ತೊಳೆದು ಹೋಗುತ್ತದೆ.

ಶುರು ಮಾಡುವುದಿದ್ದರೆ ನವೆಂಬರ್ ಒಳ್ಳೆಯದು. ಬೇಸಗೆ ಏರುವ ಮೊದಲು ಬೇರಿಗೆ ಮೂರು ತಿಂಗಳು ಸಿಗುತ್ತದೆ. ಫೆಬ್ರವರಿಯ ಮೇಲೆ ಹೊಸ ಗಿಡ ತರಬೇಡಿ, ಇದ್ದದ್ದನ್ನು ಉಳಿಸಿ. ಗೊಬ್ಬರವನ್ನೂ ಮಾರ್ಚ್‌ನಲ್ಲಿ ನಿಲ್ಲಿಸಿ. ಗೊಬ್ಬರ ತಿಂದ ಗಿಡ ಎಲೆ ಬಿಡುತ್ತದೆ, ಎಲೆ ನೀರು ಕೇಳುತ್ತದೆ. ಮನೆಯಲ್ಲಿ ಕೆಲಸ ಬಿಟ್ಟು ಕುಳಿತ ಹಿರಿಯರಿದ್ದರೆ ಅವರ ಕೈಗೆ ತಕ್ಕಡಿಯೋ ಪಾವೋ ಕೊಡಿ. ಸಲಹೆ ಕೊಡಬೇಡಿ, ಲೆಕ್ಕ ಕೇಳಿ.

ಫ್ಲ್ಯಾಟಿನ ಮಾತು ಮುಗಿದಿಲ್ಲ. ತಮ್ಮ ಮೊನ್ನೆಯೂ ಫೋನ್ ಮಾಡಿದ್ದ. ಉಮ್ಮನ ಮೊಣಕಾಲು, ಬಾಪನ ಶುಗರ್, ಆಸ್ಪತ್ರೆಯ ದೂರ, ಅವನು ಹೇಳುವುದೆಲ್ಲ ಸರಿಯೇ. ಈ ಸಲ ಉಮ್ಮ ಬೇಡ ಎನ್ನಲಿಲ್ಲ. ಅಲ್ಲಿನ ಬಾಲ್ಕನಿಗೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ, ಎಷ್ಟು ಭಾರ ತಡೆಯುತ್ತದೆ ಎಂದು ಕೇಳಿದರು. ತಮ್ಮ ನಕ್ಕ, ಬಿಲ್ಡರಿಗೆ ಕೇಳಿ ಹೇಳುತ್ತೇನೆ ಎಂದ. ಏನಾಗುತ್ತದೋ ನೋಡಬೇಕು.

ಈಗ ಮಳೆಗಾಲ. ಉಮ್ಮ ಮೈಲಾಂಜಿಯ ಕಡ್ಡಿಗಳನ್ನು ಎಣ್ಣೆ ಕ್ಯಾನುಗಳಲ್ಲಿ ನೆಟ್ಟಿದ್ದಾರೆ. ಹದಿನೆಂಟು ಕ್ಯಾನು, ಹೆದ್ದಾರಿಗೆ ಅಂಗಳ ಹೋದ ಹದಿನೆಂಟು ಮನೆಗಳಿಗೆ. ಬಾಪ ಪುಸ್ತಕದ ಕೊನೆಯ ಪುಟದಲ್ಲಿ ಮನೆಗಳ ಪಟ್ಟಿ ಮಾಡಿದ್ದಾರೆ. ಹನ್ನೊಂದು ಹೋಗಿವೆ, ಏಳು ಉಳಿದಿವೆ. ಕ್ಯಾನಿನ ಜೊತೆ ಒಂದು ಚೀಟಿಯೂ ಇದೆ, ಬಾಪನ ಅಂಗಡಿ ಅಕ್ಷರದಲ್ಲಿ: ಮೊದಲ ಬೇಸಗೆಯಲ್ಲಿ ದಿನಕ್ಕೆ ಎರಡು ಪಾವು ನೀರು, ಮೊದಲ ವರ್ಷ ಎಲೆ ಕೊಯ್ಯಬಾರದು.